ಬಯಲಿಗೆ ಬಿಟ್ಟ ಉಡ

ವಾರ್ತಿನಿ ಮತ್ತು ತರ್ಮುಜಿ ಬೇರೆಯಾದಾಗ ಪಾಲು ಮಾಡಲಾಗದೆ ಉಳಿದದ್ದು ಉಡವೊಂದೇ. ಮನೆ ವಾರ್ತಿನಿಯ ತಾಯಿ ಬಿಟ್ಟುಹೋದದ್ದು, ಅದರ ಮಾತೇ ಬರಲಿಲ್ಲ. ಬೈಕು ಅವನಿಗೆ ಹೋಯಿತು, ಫ್ರಿಜ್ಜು ಅವಳಿಗೆ ಉಳಿಯಿತು. ಮಕ್ಕಳಿರಲಿಲ್ಲ. ವಿಚ್ಛೇದನ ಕೊಡುವ ಧರ್ಮದ ಕೋರ್ಟಿನಲ್ಲಿ ತರ್ಮುಜಿ ಎಲ್ಲ ಮುಗಿದ ಮೇಲೆ ಉಡದ ಸುದ್ದಿ ಎತ್ತಿದ. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡು, ಅದನ್ನು ನಿಮ್ಮ ಕೇರಿಯಲ್ಲೇ ಬಗೆಹರಿಸಿಕೊಳ್ಳಿ ಎಂದು ಎದ್ದುಬಿಟ್ಟರು.

ಉಡದ ಹೆಸರು ಲೆಗಿ. ಅಲ್ಲಿನ ಐದು ದಿನದ ಸಂತೆವಾರದಲ್ಲಿ ಲೆಗಿ ಎಂಬ ದಿನ ಗದ್ದೆಯ ಕಾಲುವೆಯಲ್ಲಿ ಸಿಕ್ಕಿದ್ದರಿಂದ ಆ ಹೆಸರು. ತರ್ಮುಜಿ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದ, ಅಷ್ಟು ಸಣ್ಣದು. ಈಗ ಬಾಲ ಸೇರಿದರೆ ಆಳುದ್ದ. ಹಿಡಿದು ತಂದವನು ಅವನು, ಸಾಕಿದವಳು ಅವಳು. ಕೇರಿಯಲ್ಲಿ ಕೇಳಿದರೆ ಅರ್ಧ ಜನ ಅವನದೆಂದರು, ಅರ್ಧ ಜನ ಅವಳದೆಂದರು.

ವಾರ್ತಿನಿ ಕೆದಿರಿ ಊರಿನ ಹಳದಿ ತೋಫು, ಅಂದರೆ ಸೋಯಾಹಾಲಿನ ಪನೀರು, ಮಾಡುವವಳು. ಅರಿಸಿನದ ನೀರಿನಲ್ಲಿ ಅದ್ದಿ ಅದ್ದಿ ಅವಳ ಕೈ ಬೆರಳಿನಿಂದ ಮೊಣಕೈಯವರೆಗೂ ಹಳದಿ. ಬೆಳಗಿನ ಕೆಲಸ ಮುಗಿದ ಮೇಲೆ ಲೆಗಿಗೆ ಮೊಟ್ಟೆ, ಕೋಳಿಯ ತಲೆ, ಗದ್ದೆಯ ಬಸವನಹುಳು ಹಾಕುತ್ತಿದ್ದಳು. ಅದರ ಹೊಲಸು ಬಳಿಯುತ್ತಿದ್ದಳು, ಬಚ್ಚಲ ತೊಟ್ಟಿಯ ನೀರು ಬದಲಿಸುತ್ತಿದ್ದಳು. ಆದರೆ ಸಂಜೆ ತರ್ಮುಜಿಯ ಬೈಕಿನ ಸದ್ದು ಕೇಳಿದರೆ ಲೆಗಿ ಬಾಗಿಲ ಬಳಿ ಹೋಗಿ ಕತ್ತೆತ್ತಿ ನಿಲ್ಲುತ್ತಿತ್ತು. ಅವನು ಟೀವಿ ಮುಂದೆ ಚಾಪೆಯ ಮೇಲೆ ಮಲಗಿದರೆ ಹೊಟ್ಟೆಯ ಮೇಲೆ ಹತ್ತಿ, ನಾಲ್ಕೂ ಕಾಲು ಚೆಲ್ಲಿ ಕಣ್ಣು ಮುಚ್ಚುತ್ತಿತ್ತು. ಇಷ್ಟು ವರ್ಷದಲ್ಲಿ ಅದು ವಾರ್ತಿನಿಯ ಮಡಿಲಿಗೆ ಒಮ್ಮೆಯೂ ಬಂದಿರಲಿಲ್ಲ. ಆ ಮಾತನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟು ಆಡಿದವಳಲ್ಲ.

ಕೇರಿಯ ಹಿರಿಯ ಪಾಕ್ ಸುಂಗ್ಕೊನೊ ಇಬ್ಬರನ್ನೂ ಕೂರಿಸಿ ಮೂರು ಸಲ ಮಾತಾಡಿ ಸೋತ. ಕಡೆಗೆ ಅವನೇ ಒಂದು ಉಪಾಯ ಹೇಳಿದ. ಭಾನುವಾರ ಬೆಳಿಗ್ಗೆ ಉಡವನ್ನು ಆಟದ ಬಯಲಿಗೆ ತರುವುದು, ನಡುವೆ ಬಿಡುವುದು, ಆಚೆಗೊಬ್ಬರು ಈಚೆಗೊಬ್ಬರು ನಿಂತು ಕರೆಯುವುದು. ಯಾರ ಹತ್ತಿರ ಹೋದರೆ ಅವರದು.

ತರ್ಮುಜಿ ತಕ್ಷಣ ಒಪ್ಪಿದ. ವಾರ್ತಿನಿಗೆ ಒಳಗೇ ಅಳುಕು. ಲೆಗಿ ಮರಿಯಾಗಿ ಬಂದಾಗಿನಿಂದ ಮನೆಯ ಗೋಡೆ ದಾಟಿದ್ದಿಲ್ಲ. ಒಮ್ಮೆ ಹಿಂಬಾಗಿಲು ತೆರೆದೇ ಉಳಿದಿದ್ದಾಗ ಅದು ಹೊಸ್ತಿಲಲ್ಲಿ ಕಲ್ಲಾಗಿ ನಿಂತದ್ದನ್ನು ಅವಳು ನೋಡಿದ್ದಳು. ಆಗ ಹೆಸರು ಹಿಡಿದು ಕರೆದರೂ ಕಣ್ಣು ಇತ್ತ ತಿರುಗಿರಲಿಲ್ಲ. ಅದನ್ನು ಹೇಳಿದರೆ ಸೋಲಿಗೆ ಹೆದರಿದಳು ಎಂದಾರು ಎಂದು ಸುಮ್ಮನಾದಳು.

ಭಾನುವಾರ ಬಯಲಿನಲ್ಲಿ ಕೇರಿಗೆ ಕೇರಿಯೇ ನೆರೆದಿತ್ತು. ಮಾಂಸದುಂಡೆಯ ಸಾರು ಮಾರುವವನು ಗಾಡಿ ತಂದು ಗೋಲಿನ ಕಂಬದ ಪಕ್ಕ ನಿಲ್ಲಿಸಿದ್ದ. ವಾರ್ತಿನಿ ಉಡವನ್ನು ಅಕ್ಕಿಚೀಲದಲ್ಲಿ ಹಾಕಿ, ಕೂಸಿನಂತೆ ಬಾತಿಕ್ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಬಂದಳು. ಪಾಕ್ ಸುಂಗ್ಕೊನೊ ಬಯಲಿನ ನಡುವೆ ಕಪ್ಪು ಟೋಪಿ ಹಾಕಿಕೊಂಡು ನಿಂತಿದ್ದ. ಅವನು ಕೇರಿಯಲ್ಲೇ ಎತ್ತರದ ಆಳು, ಸಣಕಲ. ಚೀಲದ ಬಾಯಿ ಬಿಚ್ಚಿದವನೂ ಅವನೇ.

ಲೆಗಿ ಹೊರಗೆ ಬಂದು ಅಲ್ಲಾಡದೆ ನಿಂತಿತು. ಮುಂಗಾಲಿನ ಮೇಲೆ ಎದೆಯೆತ್ತಿ, ನಾಲಗೆಯನ್ನು ಚಾಚಿ ಎಳೆದು, ಚಾಚಿ ಎಳೆದು ಗಾಳಿಯನ್ನು ನೆಕ್ಕಿತು. ಮನೆಯಲ್ಲಿ ಅದರ ಕಣ್ಣಿಗೆ ಗೋಡೆಯಾಚೆ ಏನೂ ಇರಲಿಲ್ಲ. ಇಲ್ಲಿ ಮರ, ಗಿಡುಗ, ನದಿಯ ವಾಸನೆ, ಇಷ್ಟೊಂದು ಕಾಲುಗಳು. ಅದರ ಗಂಟಲು ಮೆಲ್ಲನೆ ಉಬ್ಬಿತು.

"ಬಾರೋ ಲೆಗಿ, ಬಾ ಮಗನೇ," ಎಂದ ತರ್ಮುಜಿ. ಅದೇ ಸಂಜೆಯ ದನಿ.

ವಾರ್ತಿನಿ ಕರೆಯಲಿಲ್ಲ. ಬೇಯಿಸಿದ ಮೊಟ್ಟೆಯನ್ನು ಅಂಗೈಯಲ್ಲಿಟ್ಟು ಕೂತಳು. ಉಡದ ಕಣ್ಣು ಅವಳ ಮೇಲೆ ಹಾದುಹೋಯಿತು, ಬೇಲಿಯ ಮೇಲೆ ಹಾದ ಹಾಗೆಯೇ.

ಬಿಸಿಲು ಏರಿದಂತೆ ಅದರ ಮೈ ಕಾದು ಮಿರುಗತೊಡಗಿತು. ತರ್ಮುಜಿ ತಾಳ್ಮೆ ಸಾಲದೆ ನಡೆದು ಹೋಗಿ ಅದರ ಬೆನ್ನ ಮೇಲೆ ಕೈಯಿಟ್ಟ. ಲೆಗಿ ಕುಲುಮೆಯ ತಿದಿಯಂತೆ ಬುಸುಗುಟ್ಟಿತು. ಮರುಕ್ಷಣ ಬಾಲ ಬೀಸಿ ಅವನ ಮೀನಖಂಡಕ್ಕೆ ಬಾರಿಸಿತು. ಪ್ಯಾಂಟಿನ ಮೇಲೆ ಕೆಂಪು ಗೆರೆ ಮೂಡಿತು. ಜನ ನಕ್ಕರು. ತರ್ಮುಜಿ ಕಾಲು ನೋಡಿಕೊಳ್ಳಲಿಲ್ಲ, ಉಡವನ್ನೇ ನೋಡುತ್ತಾ ನಿಂತ.

ಆ ನಗುವಿಗೇ ಇರಬೇಕು, ಲೆಗಿ ಓಡಿತು. ಬಯಲಿನಲ್ಲಿ ಬೆದರಿದ ಉಡ ಹುಡುಕುವುದು ಎತ್ತರವನ್ನು. ಗೋಲಿನ ಕಂಬ ದೂರವಿತ್ತು, ಪಾಕ್ ಸುಂಗ್ಕೊನೊ ಹತ್ತಿರವಿದ್ದ. ಅದು ಅವನ ಮೊಣಕಾಲು, ಸೊಂಟ, ಎದೆ ಎಂದು ತೆಂಗು ಹತ್ತಿದಂತೆ ಹತ್ತಿ, ಟೋಪಿಯ ಮೇಲೆ ಗದ್ದ ಊರಿ ನಿಂತಿತು. ಇಪ್ಪತ್ತು ಉಗುರುಗಳೂ ಅಂಗಿಯನ್ನು ದಾಟಿ ಚರ್ಮಕ್ಕೆ ಇಳಿದಿದ್ದವು.

"ತೆಗೀರಪ್ಪಾ ಇದನ್ನ," ಎಂದ ಹಿರಿಯ, ತುಟಿಯನ್ನೂ ಹೆಚ್ಚು ಅಲ್ಲಾಡಿಸದೆ.

ತರ್ಮುಜಿ ಓಡಿಬಂದು ಬಾಲ ಹಿಡಿದು ಎಳೆದ. ಉಡದ ಪಟ್ಟು ಎಂದು ಸುಮ್ಮನೆ ಹೇಳುತ್ತಾರೆಯೇ? ಎಳೆದಷ್ಟೂ ಉಗುರು ಒಳಗಿಳಿಯಿತು. ಹಿರಿಯನ ಕಣ್ಣಲ್ಲಿ ನೀರು ಬಂತು.

"ಎಳೀಬೇಡಿ ಮಾಸ್," ಎಂದಳು ವಾರ್ತಿನಿ. ಮದುವೆಯಾದ ದಿನದಿಂದ ಗಂಡನನ್ನು ಮರ್ಯಾದೆಯಿಂದ ಕರೆದ ಹೆಸರು ಬಾಯಿತಪ್ಪಿ ಬಂದಿತ್ತು. "ಎಳೆದ್ರೆ ಅದು ಬಿಡಲ್ಲ. ಹೊಟ್ಟೆ ಕೆಳಗೆ ಕೈ ಕೊಟ್ಟು ಭಾರ ಹೊತ್ಕೊಳ್ಳಿ, ಅಷ್ಟೇ ಸಾಕು."

ಅವನು ಹಾಗೆಯೇ ಮಾಡಿದ. ಅವಳು ಬೆನ್ನಿನ ಬಾತಿಕ್ ಬಟ್ಟೆ ಬಿಚ್ಚಿ ಉಡದ ತಲೆಗೆ ಹೊದಿಸಿದಳು. ಬಯಲು ಮರೆಯಾಯಿತು. ಬಟ್ಟೆಯೊಳಗೆ ತೋಫುವಿನ, ಒಲೆಯ ವಾಸನೆ ಇದ್ದಿರಬೇಕು. ಏರಿಳಿಯುತ್ತಿದ್ದ ಪಕ್ಕೆ ಬರಬರುತ್ತ ನಿಧಾನವಾಯಿತು. ಆಗ ಅವಳು ಹಳದಿ ಬೆರಳುಗಳಿಂದ ಒಂದೊಂದೇ ಉಗುರನ್ನು ಹಿಂದಕ್ಕೆ ಮಡಿಸಿ ಬಿಡಿಸಿದಳು. ತರ್ಮುಜಿಯ ಮೊಣಕೈ ಅವಳ ಭುಜಕ್ಕೆ ತಾಕುತ್ತಿತ್ತು. ವರ್ಷವೊಪ್ಪತ್ತಿನಿಂದ ಅವರು ಅಷ್ಟು ಹತ್ತಿರ ನಿಂತದ್ದಿಲ್ಲ. ಇಬ್ಬರ ಕೈಗಳೂ ಒಂದಕ್ಕೊಂದು ಅಡ್ಡಬಾರದೆ ಕೆಲಸ ಮಾಡಿದವು.

ಉಡ ಚೀಲ ಸೇರಿದ ಮೇಲೆ ಯಾರೋ ತೀರ್ಪು ಏನು ಎಂದು ಕೂಗಿದರು.

"ನನ್ ಹತ್ರ ಬಂತಲ್ಲ, ಕಣ್ಣಾರೆ ನೋಡಿದ್ರಲ್ಲ," ಎಂದ ಪಾಕ್ ಸುಂಗ್ಕೊನೊ, ಹರಿದ ಅಂಗಿ ಸರಿಮಾಡಿಕೊಳ್ಳುತ್ತ. "ನನಗೆ ಬೇಡ. ಇನ್ನು ನೀವುಂಟು ಅದುಂಟು." ಹಾಗೆಂದು ಗಾಯಕ್ಕೆ ಔಷಧಿ ಹಚ್ಚಿಸಿಕೊಳ್ಳಲು ಹೋದ.

ತರ್ಮುಜಿ ಚೀಲ ಹೊತ್ತುಕೊಂಡು ಮನೆಯವರೆಗೆ ಬಂದ. ವಾರ್ತಿನಿ ಅವನ ಕಾಲು ತೊಳೆಯಲು ಬಿಸಿನೀರು ಕೊಟ್ಟಳು, ತಾನು ದೂರ ಕೂತಳು. ಒಳಗೆ ಬಿಟ್ಟ ಲೆಗಿ ಬಚ್ಚಲಿಗೆ ಹೋಗಿ ನೀರಿನಲ್ಲಿ ಮುಳುಗಿ ಎದ್ದು ಬಂತು. ಅವಳ ಕೈಯಿಂದ ಅದೇ ಮೊಟ್ಟೆಯನ್ನು ತಿಂದಿತು. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಚಾಪೆಯ ಕಡೆ ನಡೆದು, ಗೋಡೆಗೆ ಒರಗಿದ್ದ ತರ್ಮುಜಿಯ ಹೊಟ್ಟೆಯ ಮೇಲೆ ಹತ್ತಿ ಕಾಲು ಚೆಲ್ಲಿತು.

ಅವನು ಅದನ್ನು ಎರಡೂ ಕೈಯಿಂದ ಎತ್ತಿ ಮೆಲ್ಲಗೆ ನೆಲಕ್ಕೆ ಇಳಿಸಿದ.

"ಅಲ್ಲಿ ಅದಕ್ಕೆ ನನ್ನ ಗುರುತೇ ಹತ್ತಲಿಲ್ಲ ಕಣೇ," ಎಂದ.

"ನಂದೂ ಹತ್ತಲಿಲ್ಲ."

"ನಿಂಗೇನೂ ಅನಿಸಲಿಲ್ವಾ?"

ವಾರ್ತಿನಿ ಯೋಚಿಸಿದಳು. ಅನಿಸಿರಲಿಲ್ಲ. ಅನಿಸುವಂಥದ್ದನ್ನು ಅವಳು ಆ ಉಡದಿಂದ ಯಾವತ್ತೂ ಬಯಸಿರಲೇ ಇಲ್ಲ. "ಹೊರಗೆ ಹೋದ್ರೆ ಅದು ಬೇರೆ, ಒಳಗಿದ್ರೆ ಬೇರೆ," ಎಂದಳು. "ಅದ್ರಲ್ಲಿ ಅದರ ತಪ್ಪೇನಿದೆ?"

ತರ್ಮುಜಿ ಇನ್ನೊಮ್ಮೆ ಹತ್ತಲು ಬಂದ ಉಡವನ್ನು ಅಂಗೈಯಿಂದ ತಡೆದ. "ನೀನೇ ಇಟ್ಕೊ," ಎಂದು ಎದ್ದ. ಅದರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಇಷ್ಟು ವರ್ಷ ಹೊಟ್ಟೆಯ ಮೇಲೆ ಮಲಗಿದ್ದು ತನ್ನ ಮೇಲಿನ ಪ್ರೀತಿಗೋ, ಮೈಯ ಬಿಸಿಗೋ ಎಂಬ ಪ್ರಶ್ನೆ ಹುಟ್ಟಿಬಿಟ್ಟಿತ್ತು. ಅದನ್ನು ಹೊತ್ತುಕೊಂಡು ದಿನಾ ಅದರ ಜೊತೆ ಮಲಗುವುದು ಅವನಿಂದಾಗದು. ಮುಂದೆ ಅವನು ಬ್ಲಿತಾರ್ ಎಂಬ ಊರಿಗೆ ಹೋದ, ಅಲ್ಲೊಬ್ಬ ವಿಧವೆಯನ್ನು ಮದುವೆಯಾದ, ಪಂಜರದಲ್ಲಿ ಪಾರಿವಾಳ ಸಾಕಿದ ಎಂದು ಸುದ್ದಿ ಬಂತು.

ವಾರ್ತಿನಿ ಉಡವನ್ನು ಮತ್ತೆ ಬಯಲಿಗೆ ಒಯ್ಯಲಿಲ್ಲ. ಹಿತ್ತಿಲಿಗೆ ಎತ್ತರದ ಗೋಡೆ ಕಟ್ಟಿಸಿ, ಬೆಳಗಿನ ತೋಫು ಬುಟ್ಟಿಗಳು ಹೋದ ಮೇಲೆ ಹಿಂಬಾಗಿಲು ತೆರೆದಿಡತೊಡಗಿದಳು. ಮೊದಮೊದಲು ಲೆಗಿ ಹೊಸ್ತಿಲಲ್ಲಿ ತಲೆ ಹಾಕಿ ಗಾಳಿ ನೆಕ್ಕಿ ಹಿಂದಿರುಗುತ್ತಿತ್ತು. ಕ್ರಮೇಣ ಮುಂಗಾಲು, ಆಮೇಲೆ ಇಡೀ ಮೈ ಹೊರಬಂತು. ಹೊರಬಂದಾಗ ಅವಳು ಕರೆಯುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ. ಬಾಳೆಗಿಡದ ಬುಡ ಕೆದರಲಿ, ಜಿರಲೆ ಅಟ್ಟಲಿ, ತಾನು ಬೆಂಚಿನ ಮೇಲೆ ಕೂತು ಸೋಯಾಕಾಳು ಆರಿಸುತ್ತಿದ್ದಳು. ಬಿಸಿಲು ಸರಿದರೆ ಅದು ತಾನಾಗಿ ಒಳಗೆ ಬರುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಲೆಗಿ ಗೋಡೆಯ ಬುಡದಿಂದ ನೇರ ಅವಳ ಕಡೆಗೇ ನಡೆದು ಬಂತು. ಆರಿಸುತ್ತಿದ್ದ ಕೈ ನಿಂತಿತು. ಅದು ಅವಳ ಪಾದಗಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು, ದಾರಿಯಲ್ಲಿದ್ದ ಬೇರು ದಾಟಿದಂತೆ ದಾಟಿ, ಆಚೆಯ ಬಿಸಿಲಿನ ಕಲ್ಲಿಗೆ ಹೋಗಿ ಮಲಗಿತು. ಹೊಟ್ಟೆಯ ತಣ್ಣನೆಯ ಭಾರ ಪಾದದ ಮೇಲೆ ಹಾದುಹೋಗುವವರೆಗೂ ವಾರ್ತಿನಿ ಬೆರಳು ಕೂಡ ಅಲ್ಲಾಡಿಸಲಿಲ್ಲ.