ರೋಲರ್ ಎತ್ತಿದ ಮೇಷ್ಟ್ರು

"ಮಗ್ಗುಲಿಗೆ ಇನ್ನೊಂದು ದಿಂಬು ಕೊಡ್ರೋ, ವಾಲ್ತಿದಾರೆ!" ಎಂದು ಜಗಲಿಯಿಂದ ಕೂಗಿದ ಸುಂದರೇಶ್ ಮೇಷ್ಟ್ರು, ಯಾರೂ ದಿಂಬು ತರುವ ಮೊದಲೇ ಒಳಗೆ ನುಗ್ಗಿ ಸೋಮಶೇಖರಪ್ಪನವರ ಕಂಕುಳಿಗೆ ಕೈ ಹಾಕಿಬಿಟ್ಟಿದ್ದರು. ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಬಳಿದು, ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿದ್ದ ದೇಹ ಒಂದು ಮಗ್ಗುಲಿಗೆ ಜಾರುತ್ತಿತ್ತು.

"ಸರ್, ನೀವು ಬಿಡಿ. ನಾವಿದೀವಲ್ಲ." ಹಳೆಯ ವಿದ್ಯಾರ್ಥಿ ರಾಜೇಶ ಮೇಷ್ಟ್ರ ಕೈಯನ್ನು ಮೆಲ್ಲಗೆ ಬಿಡಿಸಿದ. "ನಿಮ್ಗೂ ವಯಸ್ಸಾಯ್ತು, ಬೆನ್ನು ಹಿಡ್ಕೊಂಡ್ರೆ ಕಷ್ಟ. ಹೊರಗೆ ಕುರ್ಚಿ ಹಾಕ್ಸಿದೀನಿ, ಕೂತ್ಕೊಳ್ಳಿ."

"ಗುಂಡಿಗೆ ಇಳಿಯೋರು ಯಾರು?"

"ನಾನೇ ಇಳೀತೀನಿ ಸರ್."

ಸುಂದರೇಶರಿಗೆ ಮೈಯೆಲ್ಲ ಉರಿದುಹೋಯಿತು. ಕೂತ ಭಂಗಿಯಲ್ಲೇ ಮಣ್ಣು ಮಾಡುವ ಅವರ ಪದ್ಧತಿಯಲ್ಲಿ ಮೇಲಿನಿಂದ ಬಟ್ಟೆ ಹಿಡಿದು ಇಳಿಸಲು ಎಷ್ಟು ಜನ ಬೇಕಾದರೂ ಸಿಗುತ್ತಾರೆ. ಕೆಳಗೆ ನಿಂತು ದೇಹವನ್ನು ಎದೆಗೆ ಆನಿಸಿಕೊಂಡು, ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸುವವನು ಮಾತ್ರ ಒಬ್ಬನೇ. ನರಸಿಂಹರಾಜಪುರದ ಸುತ್ತ ಯಾರೇ ಲಿಂಗೈಕ್ಯರಾಗಲಿ, ಆ ಒಬ್ಬ ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ, ಡ್ರಿಲ್ ಮೇಷ್ಟ್ರು ಸುಂದರೇಶ್. ಇವತ್ತೂ ಅದಕ್ಕೆಂದೇ ಹಳೆಯ ಪ್ಯಾಂಟು ಹಾಕಿಕೊಂಡು ಬಂದಿದ್ದರು.

ಪ್ರೀತಿಯಿಂದ ಬಂದರು ಎನ್ನುವಂತಿರಲಿಲ್ಲ. ಅವರು ಬಂದದ್ದು ಹೊಟ್ಟೆಕಿಚ್ಚಿನಿಂದ. ಒಂದೇ ಶಾಲೆಯಲ್ಲಿ ಒಂದೇ ಸ್ಟಾಫ್ ರೂಮಿನಲ್ಲಿ ಆಯುಷ್ಯ ಕಳೆದರೂ ಊರೆಲ್ಲ "ನಮ್ಮ ಸರ್" ಎಂದದ್ದು ಇಂಗ್ಲಿಷ್ ಮೇಷ್ಟ್ರು ಸೋಮಶೇಖರಪ್ಪನವರನ್ನು. ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟದ್ದು ಅವರಿಗೆ, ಮದುವೆಮನೆಯಲ್ಲಿ ಮುಂದಿನ ಸಾಲಿಗೆ ಕರೆದದ್ದು ಅವರನ್ನು. ಕೊನೆಗೊಂದು ಸಲ, ಇಷ್ಟೊಂದು ಜನರ ಕಣ್ಣೆದುರು, ಸೋಮಶೇಖರಪ್ಪನವರನ್ನು ಹಿಡಿದುಕೊಂಡವನು ಸುಂದರೇಶ್ ಎಂದಾಗಬೇಕಿತ್ತು. ಅದನ್ನೂ ಈ ರಾಜೇಶ ಕಿತ್ತುಕೊಳ್ಳುತ್ತಿದ್ದ.

ಕುರ್ಚಿಯಲ್ಲಿ ಕೂತರು. ಶಾಮಿಯಾನದ ತುಂಬ ಹಳೆಯ ವಿದ್ಯಾರ್ಥಿಗಳು. ಶೃಂಗೇರಿಯಿಂದ ಒಂದು ಜೀಪು ಬಂದಿತ್ತು, ಕೊಪ್ಪದಿಂದ ಎರಡು. ಕೊಪ್ಪದ ತಾಲ್ಲೂಕು ಕಚೇರಿಯಲ್ಲಿರುವ ಪವಿತ್ರಾ ಕಣ್ಣೊರೆಸಿಕೊಳ್ಳುತ್ತ, "ಎತ್ತೋದು ಅಂದ ತಕ್ಷಣ ಎಲ್ಲದಕ್ಕೂ ಲಿಫ್ಟ್ ಅಂತ ಬರ್ದು ನನ್ನ ಮಾನ ತೆಗೀಬೇಡ್ರೋ ಅಂತಿದ್ರು, ನೆನಪಿದ್ಯಾ?" ಎಂದಳು.

"ಮರೀತೀವಾ ಮಾರಾಯ್ತಿ!" ರಾಜೇಶ ಹೊರಗೆ ಬಂದು ಸೇರಿಕೊಂಡ. ಅವನದು ಕ್ರೇನ್ ಕಸುಬು. ಘಾಟಿಯಲ್ಲಿ ಲಾರಿ ಉರುಳಿದರೆ ಸುತ್ತಲಿನವರು ಕರೆಯುವುದು ಅವನನ್ನೇ. "ಈಗ್ಲೂ ಲಾರಿಗೆ ಚೈನ್ ಹಾಕಿ ಮೇಲೆ ಎಳೆಯುವಾಗ ಬಾಯಿಗೆ ಬರೋದು ಹಾಯ್ಸ್ಟ್ ಅಂತ್ಲೇ. ಮೈದಾನದಲ್ಲಿ ಆ ಕಲ್ಲಿನ ರೋಲರ್ ಎತ್ತಿಸಿ ಹೀವ್ ಅಂದ್ರೆ ಏನು ಅಂತ ತೋರ್ಸಿದ್ರಲ್ಲ, ಅಂಥ ಪಾಠ ಯಾರು ಮಾಡ್ತಾರೆ ಹೇಳು."

ಸುಂದರೇಶ್ ತಡೆದುಕೊಳ್ಳಲಾರದೆ ಕೇಳಿದರು. "ರೋಲರ್ ಎತ್ತಿದ್ದು ಯಾರು?"

ರಾಜೇಶ ತಲೆ ಕೆರೆದುಕೊಂಡ. "ಯಾರೋ ದೊಡ್ಡ ಹುಡುಗ್ರು ಇರ್ಬೇಕು ಸರ್."

*

ಶಾಲೆಯ ಆ ದಿನಗಳಲ್ಲಿ ಇಂಗ್ಲಿಷ್ ಪಾಠ ಕೋಣೆಯೊಳಗೆ ನಿಲ್ಲುತ್ತಿರಲಿಲ್ಲ. ಸೋಮಶೇಖರಪ್ಪನವರು ಒನಕೆ ನುಂಗಿದವರಂತೆ ನೆಟ್ಟಗೆ ಮೈದಾನಕ್ಕೆ ಬರುತ್ತಿದ್ದರು, ಹಿಂದೆ ಇಡೀ ತರಗತಿ. "ಸುಂದರೇಶ್, ಸ್ವಲ್ಪ ಬನ್ನಿ ಮಾರಾಯ್ರೇ" ಎಂದರೆ ಮುಗಿಯಿತು, ಡ್ರಿಲ್ ಪಿರಿಯಡ್ಡು ಇಂಗ್ಲಿಷ್ ಪಿರಿಯಡ್ಡಾಗುತ್ತಿತ್ತು.

ಒಬ್ಬ ಹುಡುಗನನ್ನು ತೋರಿಸಿ "ಎತ್ತಿ" ಎನ್ನುತ್ತಿದ್ದರು. ಸುಂದರೇಶ್ ಎತ್ತುತ್ತಿದ್ದರು. "ಕಾಲು ನೆಲ ಬಿಟ್ಟಿತು ನೋಡಿ, ಇದು ಲಿಫ್ಟ್." ಆಮೇಲೆ ಕೈ ಮೇಲೆ ಮಾಡಿಸುತ್ತಿದ್ದರು. "ಕೈ ಮೈಯಲ್ಲೇ ಇದೆ, ಎಲ್ಲಿಗೂ ಹೋಗಲಿಲ್ಲ, ಮೇಲಾಯಿತು ಅಷ್ಟೇ. ಇದು ರೇಯ್ಸ್." ಧ್ವಜದ ಕಂಬದ ಹಗ್ಗ ಎಳೆಸಿ, "ಇವರು ಕೆಳಗೇ ನಿಂತಿದ್ದಾರೆ, ಹಗ್ಗ ಎತ್ತುತ್ತಿದೆ. ಇದು ಹಾಯ್ಸ್ಟ್" ಎನ್ನುತ್ತಿದ್ದರು.

ಕೊನೆಗೆ ಮೈದಾನದ ಮೂಲೆಯಲ್ಲಿ ಹೂತುಕೊಂಡಿದ್ದ ಕಲ್ಲಿನ ರೋಲರ್. ಸುಂದರೇಶ್ ಅದರ ಒಂದು ತುದಿಗೆ ಭುಜ ಕೊಟ್ಟು ದಮ್ಮು ಕಟ್ಟಿ ಮೇಲಕ್ಕೆ ಒತ್ತಿದಾಗ ಇಂಗ್ಲಿಷ್ ಮೇಷ್ಟ್ರ ದನಿ ಏರುತ್ತಿತ್ತು. "ಮುಖ ನೋಡಿ, ಮುಖ! ದವಡೆ ಬಿಗಿದಿದೆ, ಕತ್ತಿನ ನರ ಉಬ್ಬಿದೆ, ಕಣ್ಣು ಹೊರಗೆ ಬಂದಿದೆ. ಇದು ಹೀವ್!" ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸುಂದರೇಶರೂ ಹಲ್ಲು ಕಿರಿಯುತ್ತಿದ್ದರು, ಮತ್ತೇನು ಮಾಡುವುದು. ಇಂಗ್ಲಿಷ್ ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಬಿದ್ದರೆ ಅದನ್ನು ಬಗ್ಗಿ ಎತ್ತಿಕೊಡುವುದೂ ಇವರೇ. "ಥ್ಯಾಂಕ್ಯೂ. ಇದು ಪಿಕ್ ಅಪ್" ಎಂದು ಅದಕ್ಕೂ ಒಂದು ಪಾಠ!

ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿಯನ್ನೂ ಸರಿಸಿದವರಲ್ಲ ಪುಣ್ಯಾತ್ಮ. ಎಂಥ ಜಂಬ ಎಂದುಕೊಂಡು ಸುಂದರೇಶ್ ಮನೆಗೆ ಹೋಗಿ ಅಮೃತಾಂಜನ ಹಚ್ಚಿಕೊಳ್ಳುತ್ತಿದ್ದರು.

*

"ಮೇಷ್ಟ್ರೇ, ನೀಲಕ್ಕ ಕರೀತಿದಾರೆ" ಎಂದು ಯಾರೋ ಬಂದು ಹೇಳಿದರು.

ಸೋಮಶೇಖರಪ್ಪನವರ ಹೆಂಡತಿ ನೀಲಾಂಬಿಕೆ ನಡುಮನೆಯ ಬಾಗಿಲ ಹತ್ತಿರ ಕೂತಿದ್ದರು. ತೊಡೆಯ ಮೇಲೆ ಅಗಲವಾದ ಒಂದು ಚರ್ಮದ ಪಟ್ಟಿ. ಮೈಬೆವರು ಕುಡಿದು ಕಪ್ಪಾಗಿತ್ತು, ಬಕಲ್ಲು ಸವೆದಿತ್ತು.

"ಇದೆಂತ ಗೊತ್ತಾ ನಿಮ್ಗೆ?"

"ಇಲ್ಲ ನೀಲಕ್ಕ."

"ಇವ್ರು ಅಂಗಿ ಒಳಗೆ ಕಟ್ಕೊಳ್ತಿದ್ದ ಬೆಲ್ಟು. ಹುಡುಗ್ರಾಗಿದ್ದಾಗ ಹಲಸಿನ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತಂತೆ. ಬಗ್ಗಂಗಿಲ್ಲ, ಭಾರ ಎತ್ತಂಗಿಲ್ಲ. ಮದುವೆ ಆದ್ಮೇಲೇ ನಂಗೂ ಗೊತ್ತಾಗಿದ್ದು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ರು. ಇವತ್ತು ಸ್ನಾನಕ್ಕೆ ಮುಂಚೆ ನಾನೇ ಬಿಚ್ಚಿದೆ."

ಸುಂದರೇಶ್ ಬಗ್ಗಿ ಸವೆದ ಬಕಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ರಶ್ಮಿ ಹುಟ್ಟಿದಾಗ್ಲೂ ಅಷ್ಟೇ. ಇವ್ರು ಕೂತಿದ್ದಾಗ ತೊಡೆ ಮೇಲೆ ಹಾಕ್ಬೇಕಿತ್ತು, ನಿಂತು ಎತ್ಕೊಂಡವ್ರಲ್ಲ. ಒಂದ್ಸಲ ಸ್ಪೋರ್ಟ್ಸ್ ಡೇ ದಿನ ನೀವು ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಮೈದಾನ ಸುತ್ತಾ ಓಡಿದ್ರಲ್ಲ, ನೆನಪಿದ್ಯಾ? ಅದು ನಕ್ಕಿದ್ದೇ ನಕ್ಕಿದ್ದು."

"ಹೂಂ." ನೆನಪಿತ್ತು. ಆ ದಿನ ಮಗುವನ್ನು ಕೆಳಗಿಳಿಸಿದಾಗ ಸೋಮಶೇಖರಪ್ಪನವರು ಒಂದು ಮಾತೂ ಆಡದೆ ಅದರ ಕೈ ಹಿಡಿದು ನಡೆಸಿಕೊಂಡು ಹೋಗಿದ್ದರು. ಅದನ್ನೂ ಸುಂದರೇಶ್ ಜಂಬದ ಲೆಕ್ಕಕ್ಕೇ ಹಾಕಿದ್ದರು.

"ಅವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ. ಆ ಮಾರಾಯ ನನ್ನ ಮಗಳನ್ನ ಎತ್ಕೊಂಡು ಓಡ್ತಾನೆ, ನಾನು ಅದಕ್ಕೆ ಇಂಗ್ಲಿಷ್ ಹೇಳ್ತಾ ನಿಂತ್ಕೊಳ್ಬೇಕು ಅಂದ್ರು. ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು ಇವ್ರಿಗೆ, ಸಾಯೋವರೆಗೂ ಇತ್ತು." ನೀಲಾಂಬಿಕೆ ಬೆಲ್ಟನ್ನು ಸುರುಳಿ ಸುತ್ತಿದರು. "ರಾಜೇಶನಿಗೆ ನಾನು ಹೇಳ್ತೀನಿ. ಗುಂಡಿಗೆ ನೀವೇ ಇಳೀರಿ. ಇವ್ರಿಗೆ ಬೇಜಾರಾದ್ರೆ ಆಗ್ಲಿ."

ಸಾವಿನ ಮನೆಯಲ್ಲಿ ಖುಷಿಪಡಬಾರದು. ಆದರೆ ಹಿತ್ತಲ ಬಾಗಿಲಿಗೆ ಬಂದು ನಿಂತ ಸುಂದರೇಶರಿಗೆ ಮೊದಲು ಆದದ್ದು ಖುಷಿಯೇ. ಸೋಮಶೇಖರಪ್ಪನಿಗೆ, ಊರೆಲ್ಲ ಮೆಚ್ಚಿದ ಸೋಮಶೇಖರಪ್ಪನಿಗೆ, ತನ್ನನ್ನು ಕಂಡರೆ ಹೊಟ್ಟೆಕಿಚ್ಚು! ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿ ಮೆರೆಯಬಹುದಿತ್ತು. ಕುರ್ಚಿಗಳನ್ನು ಒಂದೇ ಕೈಯಲ್ಲಿ ಎತ್ತಿ ಅವರ ಮುಂದೆಯೇ ಓಡಾಡಬಹುದಿತ್ತು. ಹಾಗೆ ಅಂದುಕೊಂಡು ಒಬ್ಬರೇ ನಕ್ಕರು. ನಗು ಅರ್ಧಕ್ಕೆ ನಿಂತಿತು. ಯಾರ ಮುಂದೆ ಮೆರೆಯಬೇಕಿತ್ತೋ ಅವರು ಒಳಗೆ ಗೋಡೆಗೆ ಒರಗಿ ಕೂತಿದ್ದರು. ಸುಂದರೇಶ್ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒತ್ತಿಕೊಂಡರು.

*

ಊರಾಚೆಯ ದಿಬ್ಬದ ಮೇಲೆ ಮನೆತನದ ಸಮಾಧಿಗಳ ಸಾಲಿನಲ್ಲಿ ಗುಂಡಿ ತೆಗೆದಿದ್ದರು. ಗುದ್ದಲಿಯಿಂದ ತೆಗೆದದ್ದಾಗಿದ್ದರೆ ಆಳ ಸರಿಯಾಗಿರುತ್ತಿತ್ತು. ರಾಜೇಶ ಜೆಸಿಬಿ ತಂದಿದ್ದ. ಅದರ ಬಕೆಟ್ಟು ಒಂದು ಬಾಯಿ ಹೆಚ್ಚಾಗಿಯೇ ಆಳಕ್ಕೆ ತೋಡಿತ್ತು. ಸುಂದರೇಶ್ ಏಣಿ ಹಿಡಿದು ಇಳಿದರು. ಜಾಗ ಸಾಲದೆಂದು ಮೇಲಿದ್ದವರು ಏಣಿಯನ್ನು ಎಳೆದುಕೊಂಡರು.

"ನಿಧಾನ... ನಿಧಾನ ಬಿಡ್ರೋ... ಹಾಂ, ನನ್ಗೆ ಸಿಕ್ಕಿದ್ರು!"

ಭಾರ ಎದೆಯ ಮೇಲೆ ಬಂದು ಕೂತಿತು. ಸೋಮಶೇಖರಪ್ಪನವರ ತಲೆ ಅವರ ಭುಜಕ್ಕೆ ಒರಗಿತು. ಎಷ್ಟೊಂದು ಜನರನ್ನು ಹೀಗೆ ಹಿಡಿದುಕೊಂಡಿದ್ದರು ಸುಂದರೇಶ್, ಯಾರನ್ನೂ ಇಷ್ಟು ಹೊತ್ತು ಹಿಡಿದುಕೊಂಡಿರಲಿಲ್ಲ. ಕಿವಿಯ ಹತ್ತಿರ ಬಾಯಿಟ್ಟು, "ಕತ್ತೆ ಹಂಗೆ ದುಡ್ಸಿದ್ರಲ್ಲ ಮಾರಾಯ್ರೇ, ಒಂದು ಮಾತು ಹೇಳ್ಬಾರ್ದಿತ್ತಾ" ಎಂದರು. ಅವರು ಮಂತ್ರ ಹೇಳುತ್ತಿದ್ದಾರೆ ಎಂದುಕೊಂಡರು ಮೇಲಿದ್ದವರು.

ಆಮೇಲೆ ಗೂಡಿನೊಳಗೆ ಕೂರಿಸಿ, ಬೆನ್ನಿಗೆ ವಿಭೂತಿ ಗಟ್ಟಿಗಳನ್ನು ಒತ್ತಾಗಿ ಜೋಡಿಸಿದರು, ಬೆಲ್ಟು ಇಲ್ಲದೆಯೂ ನೆಟ್ಟಗೆ ಕೂರುವಷ್ಟು. ಎಡಗೈಯಲ್ಲಿ ಇಷ್ಟಲಿಂಗ ಇಟ್ಟರು. ಮಗಳು ರಶ್ಮಿ ಮೇಲಿನಿಂದ ಬಿಲ್ವಪತ್ರೆ ಬಿಟ್ಟಳು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರ ಮಂತ್ರ ಮುಗಿಯಿತು.

"ಸರ್, ಮೇಲೆ ಬನ್ನಿ ಇನ್ನು" ಎಂದ ರಾಜೇಶ. ಏಣಿ ಬಿಡಲು ನೋಡಿದರೆ ಅದರ ಕಾಲು ಸೋಮಶೇಖರಪ್ಪನವರ ಮಂಡಿಗೆ ತಗಲುತ್ತಿತ್ತು. "ಬೇಡ ಬೇಡ, ಅವ್ರಿಗೆ ತಾಗುತ್ತೆ" ಎಂದು ಸುಂದರೇಶ್ ಎರಡೂ ಕೈ ಮೇಲೆ ಮಾಡಿ ನಿಂತರು.

ರಾಜೇಶ ಹೊಟ್ಟೆಯ ಮೇಲೆ ಮಲಗಿ ಕೈ ಹಿಡಿದ. ಅವನ ಕಾಲನ್ನು ಮತ್ತಿಬ್ಬರು ಹಿಡಿದುಕೊಂಡರು. ಒಮ್ಮೆ ಎಳೆದರು, ಮಣ್ಣು ಕುಸಿದು ಸುಂದರೇಶ್ ಮತ್ತೆ ಕೆಳಗೆ ಜಾರಿದರು. "ಎಲ್ರೂ ಒಟ್ಟಿಗೆ, ದಮ್ಮು ಕಟ್ಟಿ!" ಎಂದು ಕೂಗಿದ ರಾಜೇಶ. ಸುಂದರೇಶರೂ ಗೋಡೆಗೆ ಕಾಲು ಕೊಟ್ಟು, ದವಡೆ ಬಿಗಿದು ಮೈ ಮೇಲಕ್ಕೆತ್ತಿದರು. ಕತ್ತಿನ ನರ ಉಬ್ಬಿತು, ಕಣ್ಣು ಹೊರಗೆ ಬಂತು. ಆ ಮುಖ ರಾಜೇಶನ ಮುಖದೆದುರಿಗೇ ಬಂದು ನಿಂತಿತು.

ರಾಜೇಶ ಎಳೆಯುವುದನ್ನು ಮರೆತ.

"ಸರ್," ಎಂದ, ದನಿ ಇಳಿದುಹೋಗಿತ್ತು. "ಅವತ್ತು ರೋಲರ್ ಎತ್ತಿದ್ದು ನೀವಲ್ವಾ?"

ಇಷ್ಟು ವರ್ಷ ಕಾದ ಮಾತು. ಹೌದು ಕಣೋ ಎನ್ನಲು ಬಾಯಿ ತೆರೆದವರು ಹಾಗೇ ಕತ್ತು ತಿರುಗಿಸಿದರು. ಮೇಲಿನಿಂದ ಅವರ ಕೈ ಹಿಡಿದವರಿದ್ದರು, ಕೆಳಗೆ ಅವರ ಕಾಲು ನೆಲ ಬಿಟ್ಟಿತ್ತು. ಸುಂದರೇಶ್ ಆ ನಡುವೆ ನೇತಾಡುತ್ತ, ಮೈದಾನದಲ್ಲಿ ನಿಂತು ಅವರ ಇಂಗ್ಲಿಷ್ ಪದಕ್ಕೆ ಕಾಯುತ್ತಿದ್ದ ಹಾಗೆಯೇ, ಇಂಗ್ಲಿಷ್ ಮೇಷ್ಟ್ರ ಮುಖ ನೋಡಿದರು. ಸೋಮಶೇಖರಪ್ಪನವರು ನೆಟ್ಟಗೆ ಕೂತಿದ್ದರು. ಮಂಡಿಯ ಮೇಲಿದ್ದ ಬಲಗೈಯ ಬೆರಳುಗಳಿಗೆ ವಿಭೂತಿಯ ಪುಡಿ ಮೆತ್ತಿತ್ತು, ಈಗಷ್ಟೇ ಬೋರ್ಡಿನ ಮೇಲೆ ಏನೋ ಬರೆದು ಬಂದವರ ಹಾಗೆ.