ನನ್ನ ಮತ ಬೇರೆ

ದೊಡ್ಡವರ ಕಥೆ ಹೇಳಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ವಿಶ್ವವಿದ್ಯಾಲಯವನ್ನು ದೀಪ ಹತ್ತಿದ ಮೇಲೆ, ಸಂಜೆ ತರಗತಿಯ ಬೆಂಚಿನಿಂದ ಮಾತ್ರ ಕಂಡ ನನ್ನಂಥವರಿಗೆ ಅದರ ಹಗಲಿನ ಜಗಳ ಎಷ್ಟು ತಿಳಿದೀತು? ಅವರಿವರಿಂದ ಕೇಳಿದ್ದನ್ನು ಜೋಡಿಸಿ ಹೇಳುತ್ತಿದ್ದೇನೆ. ಎಲ್ಲಾದರೂ ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ರಾಜ್ಯಶಾಸ್ತ್ರದ ಪ್ರೊಫೆಸರರೂ ಗಣಿತದ ಮೇಷ್ಟ್ರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಕಟ್ಟಡದಲ್ಲಿ ಜಾಗ ಸಾಲದೆ ‘ಸದ್ಯಕ್ಕೆ’ ಎಂದು ಮಾಡಿದ್ದ ಏರ್ಪಾಡು. ಆ ಸದ್ಯದಲ್ಲೇ ಇಬ್ಬರ ಕೂದಲೂ ನರೆತಿತ್ತು. ಎರಡು ಮೇಜು, ಗೋಡೆಗೊರಗಿದ ಒಂದು ಕಬ್ಬಿಣದ ಬೀರು, ಹಿಡಿಗೆ ಟೇಪು ಸುತ್ತಿದ ಒಂದು ಕೆಟಲ್. ಕೆಟಲ್ ಗಣಿತದವರದು, ಚಹಾಪುಡಿ ಪ್ರೊಫೆಸರರದು. ಹಾಗಾಗಿ ಒಬ್ಬರು ಮುನಿಸಿಕೊಂಡರೆ ಇಬ್ಬರಿಗೂ ಚಹಾ ಇಲ್ಲ. ಗಣಿತದವರನ್ನು ವಿದ್ಯಾರ್ಥಿಗಳು ‘ಸೊನ್ನೆ ಮೇಷ್ಟ್ರು’ ಎನ್ನುತ್ತಿದ್ದರು. ಅಂಕ ಕೊಡುವುದರಲ್ಲಿ ಅವರ ಕೈ ಅಷ್ಟು ಬಿಗಿ.

ಆ ವರ್ಷ ಸೊನ್ನೆ ಮೇಷ್ಟ್ರು ಅಧ್ಯಾಪಕರ ಸಂಘದ ಅಧ್ಯಕ್ಷಗಿರಿಗೆ ನಿಂತರು. ಗೆದ್ದರೆ ವಾಚನಾಲಯವನ್ನು ಸಂಜೆ ಆರಕ್ಕೇ ಮುಚ್ಚಿಸಿ, ಅಲ್ಲಿನ ಸಿಬ್ಬಂದಿಯನ್ನು ಹಗಲಿನ ಕೆಲಸಕ್ಕೆ ಹಾಕಿಸುತ್ತೇನೆ ಎಂದು ಅಧ್ಯಾಪಕರ ವಾಟ್ಸಾಪ್ ಗುಂಪಿನಲ್ಲಿ ಬರೆದರು. ಪ್ರೊಫೆಸರರಿಗೆ ಇದು ಸರಿ ಕಾಣಲಿಲ್ಲ. ಹಗಲೆಲ್ಲ ದುಡಿದು ಸಂಜೆ ಓದಲು ಬರುವವರು ಎಲ್ಲಿಗೆ ಹೋಗಬೇಕು? ಕೋಣೆಯಲ್ಲಿದ್ದಿದ್ದರೆ ಮೇಜಿನಾಚೆಗೆ ಕೂಗಿ ಹೇಳುತ್ತಿದ್ದರು. ಆಗ ಬಸ್ಸಿನಲ್ಲಿದ್ದರು. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರ ಹೆಬ್ಬೆರಳಿನಲ್ಲಿ ಒತ್ತಿ ಕಳಿಸಿದರು: ‘ನನ್ನ ಮತ ಬೇರೆ.’

ಮತ ಎಂಬ ಎರಡಕ್ಷರದ ಹೊಟ್ಟೆಯಲ್ಲಿ ಅಭಿಪ್ರಾಯವೂ ಇದೆ, ಓಟೂ ಇದೆ, ಧರ್ಮವೂ ಇದೆ. ಪ್ರೊಫೆಸರರು ಹೇಳಹೊರಟಿದ್ದು ಮೊದಲನೆಯದನ್ನು. ಅವರು ಬಸ್ಸಿಳಿಯುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಆ ಒಂದು ಸಾಲಿನ ಚಿತ್ರ ತೆಗೆದು ಊರ ಗುಂಪುಗಳಿಗೆಲ್ಲ ಹಂಚಿಯಾಗಿತ್ತು: ‘ಜೀವದ ಗೆಳೆಯನೇ ಕೈ ಕೊಟ್ಟ!’ ಎದುರಾಳಿಯ ಕಡೆಯವರು ಪ್ರೊಫೆಸರರಿಗೆ ಹೂಗುಚ್ಛದ ಚಿತ್ರಗಳ ಸುರಿಮಳೆಗರೆದರು. ಸುದ್ದಿ ಇನ್ನೂ ನಾಲ್ಕು ಗುಂಪು ದಾಟಿತು. ಸಂಜೆಗೆ ಪ್ರೊಫೆಸರರ ಹೆಂಡತಿಗೆ ತಂಗಿಯ ಫೋನು ಬಂತು.

“ಅಕ್ಕಾ, ಭಾವ ಮತ ಬದಲಾಯಿಸ್ತಿದ್ದಾರಂತೆ? ಯಾವುದಕ್ಕೆ ಸೇರ್ತಾರೆ?”

“ಇರೋ ದೇವರನ್ನೇ ಮಾತಾಡಿಸಲ್ಲ ಕಣೇ ಇವರು. ಹೊಸದನ್ನ ಎಲ್ಲಿ ಹುಡುಕ್ಕೊಂಡು ಹೋಗ್ತಾರೆ?” ಎಂದು ಹೆಂಡತಿ ಫೋನಿಟ್ಟು ಗಂಡನ ಕಡೆ ತಿರುಗಿದರು. “ಅಭಿಪ್ರಾಯ ಅಂತ ಬರೆಯೋಕೆ ಏನಾಗಿತ್ತು ನಿಮಗೆ?”

“ಮಹಾಪ್ರಾಣ, ಒತ್ತಕ್ಷರ ಎರಡೂ ಇವೆ ಕಣೇ ಅದರಲ್ಲಿ. ನನ್ನ ಹೆಬ್ಬೆರಳು ದಪ್ಪ.”

“ಹೆಬ್ಬೆರಳೊಂದೇ ಆಗಿದ್ದಿದ್ರೆ ಹೇಗೋ ಸುಧಾರಿಸ್ಕೋತಿದ್ದೆ.”

ಮರುದಿನ ಕೋಣೆಗೆ ಹೋದರೆ ಬೀರು ಎರಡು ಮೇಜುಗಳ ನಡುವೆ ಗೋಡೆಯಂತೆ ಬಂದು ನಿಂತಿತ್ತು. ಅದರಾಚೆ ಸೊನ್ನೆ ಮೇಷ್ಟ್ರ ಸೀಮೆಸುಣ್ಣದ ಕೆಮ್ಮು. ಕೆಟಲ್ ಅತ್ತ, ಚಹಾಪುಡಿ ಇತ್ತ.

ಪ್ರೊಫೆಸರರು ಗುಂಪಿನಲ್ಲಿ ಉದ್ದನೆಯ ಸ್ಪಷ್ಟೀಕರಣ ಬರೆದರು. ಮೂರೂ ಅರ್ಥಗಳು, ಉದಾಹರಣೆ ಸಹಿತ. ಮದ್ದಿಗಿಂತ ರೋಗವೇ ಮೇಲು ಎನ್ನುವಂತಾಯಿತು. ‘ಅಂದ್ರೆ ಓಟು ಯಾರಿಗೆ ಸಾರ್?’ ಎಂದು ಒಬ್ಬರು ಕೇಳಿದರು. ಅದರ ಕೆಳಗೆ ಸಾಲುಸಾಲು ನಗುಮುಖ.

ಹಿಂದೆ ಜಗಳಗಳಿರಲಿಲ್ಲವೆಂದಲ್ಲ. ಪ್ರೊಫೆಸರರನ್ನು ‘ಆಳುವವರ ತುತ್ತೂರಿ’ ಎಂದು ಬೈದು ಗೋಡೆಗೆ ಕಾಗದ ಅಂಟಿಸಿದ್ದ ಹುಡುಗಿಯೇ ಪರೀಕ್ಷೆ ಹತ್ತಿರ ಬಂದಾಗ, “ಸಾರ್, ಎರಡನೇ ಪಾಠ ತಲೆಗೇ ಹೋಗಿಲ್ಲ” ಎಂದು ಎದುರಿಗೆ ಬಂದು ಕೂತಿದ್ದಳು. ಅಷ್ಟರಲ್ಲಿ ಅಂಟು ಒಣಗಿ ಕಾಗದ ತಾನಾಗಿ ಉದುರಿತ್ತು. ಇಂಟರ್ನೆಟ್ಟಿನಲ್ಲಿ ಅಂಟು ಒಣಗುವುದೇ ಇಲ್ಲವಲ್ಲ ಎನಿಸಿತು ಅವರಿಗೆ. ಆದರೂ ಗುಂಪು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ನಿವೃತ್ತರಾದವರ ಆಸ್ಪತ್ರೆಯ ಸುದ್ದಿ, ರಕ್ತ ಬೇಕೆಂಬ ಕೂಗು, ಮೊಮ್ಮಗುವಿನ ಮೊದಲ ಹಲ್ಲು, ಎಲ್ಲ ಬರುವುದೂ ಅಲ್ಲಿಗೇ.

‘ನನ್ನ ಓಟು ನಿನಗೇ ಕಣಯ್ಯ’ ಎಂದು ಬೀರುವಿನಾಚೆಗೆ ಒಂದು ಮಾತು ಎಸೆದಿದ್ದರೆ ಮುಗಿಯುತ್ತಿತ್ತು. ಆದರೆ ಓಟು ಗುಟ್ಟಾಗಿರಬೇಕು, ಕಟ್ಟಿಕೊಂಡವರು ಕೇಳಿದರೂ ಬಾಯಿ ಬಿಡಬಾರದು ಎಂದು ವರ್ಷವರ್ಷವೂ ಪಾಠ ಹೇಳಿದ ಬಾಯಿ ಅದು. ಪಾಠ ಉಳಿಸಿಕೊಂಡರೆ ಗೆಳೆಯ ಹೋಗುತ್ತಾನೆ. ಗೆಳೆಯನನ್ನು ಉಳಿಸಿಕೊಂಡರೆ ನಾಳೆ ತರಗತಿಯಲ್ಲಿ ಯಾವ ಮುಖ ಹೊತ್ತು ನಿಲ್ಲುವುದು?

ಚುನಾವಣೆಯ ಹಿಂದಿನ ಮಧ್ಯಾಹ್ನ ಚಹಾಪುಡಿಯ ಡಬ್ಬಿ ಹಿಡಿದು ಬೀರು ಬಳಸಿಕೊಂಡು ಆಚೆಗೆ ಹೋದರು.

“ಏನು, ಓಟು ಕೊಡೋಕೆ ಬಂದ್ಯಾ?” ಸೊನ್ನೆ ಮೇಷ್ಟ್ರು ತಲೆಯೆತ್ತಲಿಲ್ಲ.

“ಚಹಾ ಕುಡಿಯೋಕೆ ಬಂದೆ.”

“ಯಾರಿಗೆ ಹಾಕ್ತೀಯ?”

“ಹೇಳಲ್ಲ.”

“ನನಗೂ?”

“ನಿನಗಂತೂ ಹೇಳಲ್ಲ. ಅಭಿಪ್ರಾಯ ಬೇಕಾದ್ರೆ ಕೇಳು. ಆರಕ್ಕೆ ವಾಚನಾಲಯ ಮುಚ್ಚೋದು ಶುದ್ಧ ತಪ್ಪು. ಇದನ್ನ ನಿನ್ನೆದುರಿಗೆ ಹೇಳಬೇಕಿತ್ತು. ಬಸ್ಸಲ್ಲಿ ನಿಂತು ಊರಿಗೆಲ್ಲ ಹೇಳಬಾರದಿತ್ತು.”

ಸೊನ್ನೆ ಮೇಷ್ಟ್ರು ಟೇಪು ಸುತ್ತಿದ ಹಿಡಿ ಹಿಡಿದು ಕೆಟಲಿಗೆ ನೀರು ತುಂಬಿದರು.

“ಮುಖದ ಮೇಲೆ ಬೈತೀಯ, ಓಟೂ ಕೊಡ್ತೀನಿ ಅನ್ನಲ್ಲ. ನಿನ್ನಂಥವನ ಜೊತೆ ಇಷ್ಟು ವರ್ಷ ಹೇಗೆ ಏಗಿದೆನೋ!”

“ಹಾಲಿದೆಯಾ?”

“ಇಲ್ಲ. ಹಾಗೇ ಕುಡಿ. ಕುಡಿದು ಈ ಬೀರುನ ಆ ಕಡೆಯಿಂದ ಹಿಡಿ. ಮೊನ್ನೆ ಸಿಟ್ಟಿತ್ತು, ಒಬ್ಬನೇ ಎಳೆದುಬಿಟ್ಟೆ. ಸೊಂಟ ಹಿಡ್ಕೊಂಡಿದೆ.”

ಸೊನ್ನೆ ಮೇಷ್ಟ್ರು ಗೆದ್ದರು. ಸಂಘದ ಮೊದಲ ಸಭೆಯಲ್ಲೇ ವಾಚನಾಲಯದ ಮಾತು ಬಂತು. ವಿರೋಧಿಸುವವರು ಕೈಯೆತ್ತಿ ಎಂದಾಗ ಪ್ರೊಫೆಸರರ ಕೈ ಎಲ್ಲರಿಗಿಂತ ಮೊದಲು ಮೇಲೆದ್ದಿತು. “ಇಳಿಸಪ್ಪಾ, ಕಂಡಿತು,” ಎಂದರು ಅಧ್ಯಕ್ಷರು. ಅದರ ಹಿಂದೆ ಇನ್ನೂ ಕೆಲವು ಕೈ ಎದ್ದವು. ತೀರ್ಮಾನ ಮುಂದಕ್ಕೆ ಹೋಯಿತು. ಸಂಜೆ ಆರಾದ ಮೇಲೂ ವಾಚನಾಲಯದ ದೀಪ ಸದ್ಯಕ್ಕೆ ಉರಿಯುತ್ತಿದೆ.

ಚುನಾವಣೆಯ ದಿನ ಚೀಟಿಯಲ್ಲಿ ಪ್ರೊಫೆಸರರು ಯಾರ ಹೆಸರಿಗೆ ಗುರುತು ಹಾಕಿದರೋ ಗೊತ್ತಿಲ್ಲ. ಅವರ ಹೆಂಡತಿಗೂ ಗೊತ್ತಿಲ್ಲ. ಸೊನ್ನೆ ಮೇಷ್ಟ್ರು ಮತ್ತೆ ಕೇಳಲಿಲ್ಲ. ಕೇಳಬೇಕೆನಿಸಲಿಲ್ಲವೋ, ಉತ್ತರಕ್ಕೆ ಹೆದರಿದರೋ, ಅದೂ ನನಗೆ ತಿಳಿಯದು.