ಅಂಗೈಗೆ ಅಂಟಿದ ಬಸ್ಸು

ಮಗು ಕೇಳುವವರೆಗೆ ಸುಮ್ಮನಿರುವುದೆಂದರೆ ನಮ್ಮ ಮನೆಯಲ್ಲಿ ಮರ್ಯಾದೆಗೇಡು. ಹಸಿವು ಮುಖದಲ್ಲಿ ಕಾಣುವ ಮೊದಲೇ ತಟ್ಟೆ ಮುಂದಿರಬೇಕು. ಮೊಮ್ಮಗಳು ಹೇಮಶ್ರೀಗೆ ಮಾತಿಲ್ಲ. ಆಟಿಸಂ ಎಂದು ಡಾಕ್ಟರು ಹೇಳಿದ ಮೇಲಂತೂ ಅವಳು ತಲೆಯೆತ್ತುವಷ್ಟರಲ್ಲಿ ನೀರು, ಬಾಳೆಹಣ್ಣು, ಮೊಸರನ್ನ ಎಲ್ಲ ಹಾಜರು.

ಪ್ರತಿ ಗುರುವಾರ ಹನಗೋಡಿನಿಂದ ಬಸ್ಸು ಹತ್ತಿಸಿ ಅವಳನ್ನು ಹುಣಸೂರಿನ ತರಬೇತಿ ಕೇಂದ್ರಕ್ಕೆ ನಾನೇ ಕರೆದೊಯ್ಯುತ್ತೇನೆ. ಅಲ್ಲಿನ ಟೀಚರು ವಾಣಿಶ್ರೀ ನಮ್ಮ ಮನೆಯದೇ ಚೊಂಬು, ತಟ್ಟೆ, ನಮ್ಮೂರ ಬಸ್ಸು ಇವುಗಳ ಫೋಟೊ ತರಿಸಿ ಕಾರ್ಡು ಮಾಡಿಕೊಟ್ಟಿದ್ದರು. ಬೇಕಾದ್ದರ ಕಾರ್ಡನ್ನು ಮಗು ನಮ್ಮ ಕೈಗೆ ಕೊಡಬೇಕು.

“ಒಂದ್ ದಿನಾನೂ ಕೊಡ್ನಿಲ್ವಲ್ಲವ್ವ” ಎಂದೆ.

“ನೀವು ಕೇಳೋಕೆ ಬುಟ್ರೆ ತಾನೆ, ಅಜ್ಜಿ? ಒಸಿ ಕೈ ಕಟ್ಕಂಡು ಕೂತ್ಕಳಿ.”

ಮಗ ನಂಜುಂಡೇಶನಿಗೆ ನಂಬಿಕೆಯೇ ಹೋಗಿತ್ತು. “ಹೊಗೆಸೊಪ್ಪು ಮುರಿಯೋ ಕಾಲ ಬಂತು, ಈ ಹುಣಸೂರು ಓಡಾಟ ಬುಟ್ಬುಡವ್ವ. ಆ ಕಾರ್ಡಲ್ಲಿ ಇಸ್ಪೀಟಾಡೀಯಾ?”

“ಅವಳೇ ಕೇಳುದ್ರೆ?”

“ಕೇಳ್ಲಿ, ಆಗ ಕಳಿಸ್ತೀನಿ.”

ಗುರುವಾರ ಬಂತು. ನಾನು ಚೀಲ ತೆಗೆಯಲಿಲ್ಲ, ಸೀರೆ ಬದಲಿಸಲಿಲ್ಲ. ಜಗಲಿಯ ಮೇಲೆ ಕೈ ಕಟ್ಟಿ ಕುಳಿತೆ. ಹೇಮಶ್ರೀ ಬಾಗಿಲಿಗೂ ನನಗೂ ನಡುವೆ ಓಡಾಡಿದಳು. ಬೆರಳು ಕುಣಿಸಿದಳು, ಗುಂಯ್ ಎಂದಳು. ಸೊಸೆ ರಮ್ಯ ಇಡ್ಲಿ ತಂದಳು.

“ಅಲ್ಲೇ ನಿಂತ್ಕ” ಎಂದೆ.

“ಮಗು ಒದ್ದಾಡ್ತದಲ್ಲತ್ತೆ.”

“ಒದ್ದಾಡ್ಲಿ ಕಣೆ. ಏನೋ ಹುಡುಕ್ತಾವಳೆ.”

ಕಟ್ಟಿದ ಕೈಯನ್ನು ನಾನು ಬಿಚ್ಚಲಿಲ್ಲ.

ಅಷ್ಟರಲ್ಲಿ ನಂಜುಂಡೇಶ ಹೊಲದಿಂದ ಬಂದು ಬಾಗಿಲಲ್ಲಿ ನಿಂತ. ಹಸಿ ಸೊಪ್ಪಿನ ಅಂಟು ಹತ್ತಿ ಅವನ ಕೈ ಕಪ್ಪಗಾಗಿತ್ತು. ಹೇಮಶ್ರೀ ಕಾರ್ಡುಗಳನ್ನು ಅಂಟಿಸಿದ್ದ ಗೋಡೆಯ ಬಳಿ ಹೋದಳು. ಚೊಂಬನ್ನು ಮುಟ್ಟಿದಳು, ಬಿಟ್ಟಳು. ತಟ್ಟೆಯನ್ನೂ ಬಿಟ್ಟಳು. ಬಸ್ಸನ್ನು ಕಿತ್ತುಕೊಂಡು ಬಂದು ಅಪ್ಪನ ಅಂಗೈಗೆ ಒತ್ತಿದಳು.

ಅವನು ಕೈ ಕೆಳಗೆ ಮಾಡಿದರೂ ಕಾರ್ಡು ಬೀಳಲಿಲ್ಲ, ಅಂಟಿಕೊಂಡೇ ಇತ್ತು.

“ಅವ್ವ, ಇವ್ಳು... ನನ್ನೇ ಕೇಳುದ್ಲು.”

“ಊಂ ಕಣ್ಲಾ.”

“ಬಸ್ಸಿಗೆ ಹೊತ್ತಾಯ್ತು. ಬೈಕ್ ತೆಗೀತೀನಿ.”

“ಅವಳು ಕೇಳಿದ್ದು ಬೈಕಲ್ಲ.”

ಅವನು ಮಗಳನ್ನು ಹೆಗಲಿಗೇರಿಸಿಕೊಂಡು ಓಡಿದ. ಹಳೆ ಸೀರೆಯಲ್ಲೇ ನಾನೂ ಹಿಂದೆ ಓಡಿದೆ. ಚೀಲ, ಇಡ್ಲಿ ಎರಡನ್ನೂ ಹಿಡಿದು ರಮ್ಯ ನನ್ನ ಹಿಂದೆ. ಬಸ್ಸು ಆಗಲೇ ಹೊರಟಿತ್ತು. ನಂಜುಂಡೇಶ ರಸ್ತೆಯ ನಡುವೆ ನಿಂತು ಕೈಯೆತ್ತಿದ. ಅಂಗೈಯಲ್ಲಿನ ಬಸ್ಸನ್ನು ಕಂಡೋ ಏನೋ, ಡ್ರೈವರು ನಗುತ್ತಲೇ ಬ್ರೇಕು ಒತ್ತಿದ.